ಎರಡು ಬಂಧ, ಒಂದೇ ದಿಕ್ಕು

ಜುಲೈ 13, ಭಾನುವಾರ. ಬೆಳಿಗ್ಗೆ ಆರೂವರೆ

ಯಶೂ, ಹೇಗಿದ್ದೀಯ ಕಂದ? ಕೆಮ್ಮು ಬಿಟ್ಟಿತಾ? ನಿನ್ನ ರೂಮಿನ ಸಾನ್ವಿಗೆ ಹಲ್ಲುನೋವು ಅಂದಿದ್ದೆ, ಈಗ ಅಗಿದು ತಿನ್ನುತ್ತಾಳಾ? ವಾರ್ಡನ್ ಬಸವಮ್ಮನವರ ಮಂಡಿ ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ ಅಂದಿದ್ದೆನಲ್ಲ, ಹಚ್ಚಿಕೊಂಡರಾ? ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮಮ್ಮನಿಗೆ ನೆಗಡಿ. ನಿಮ್ಮಪ್ಪನಿಗೆ ಹಸಿವು — ಅದು ಕಾಯಿಲೆಯಲ್ಲ ಬಿಡು...

ಇಷ್ಟಕ್ಕೆ ಹಾಲು ಉಕ್ಕಿತು. ಎದ್ದು ಹೋಗಿ ಬಂದೆ.

ಕಾಗದ ಬರೆಯುವ ಮೊದಲು ಇಲ್ಲಿ ಬರೆದು, ಚಿತ್ತು ಮಾಡಿ, ಆಮೇಲೆ ಇನ್‌ಲ್ಯಾಂಡ್ ಲೆಟರಿಗೆ ಇಳಿಸುವುದು ನನ್ನ ಅಭ್ಯಾಸ. ಕಾಗದದಲ್ಲಿ ಹಿಡಿಸದೆ ಉಳಿದದ್ದು ಡೈರಿಯ ಪಾಲು. ಈಗಿನ ಕಾಲದಲ್ಲಿ ಕಾಗದವೇ ಎಂದು ಎದುರುಮನೆಯವರು ನಗುತ್ತಾರೆ. ಏನು ಮಾಡುವುದು? ಘಟ್ಟದ ಕೆಳಗಿನ ಆ ಕಾಲೇಜಿನಲ್ಲಿ ಹಾಸ್ಟೆಲ್ ಮಕ್ಕಳ ಕೈಗೆ ಫೋನು ಕೊಡುವುದಿಲ್ಲ. ಭಾನುವಾರ ವಾರ್ಡನ್ ಫೋನಿನಲ್ಲಿ ಒಂದಿಷ್ಟು ಮಾತು. ಅಷ್ಟರಲ್ಲಿ ಅಮ್ಮನಿಗೊಂದು ಪಾಲು, ಅಪ್ಪನಿಗೊಂದು ಪಾಲು. ನನಗೆ ಸಿಗುವುದು "ಅಜ್ಜಿ, ಇಡ್ತೀನಿ".

ಅದಕ್ಕೇ ಕಾಗದ.

ಜುಲೈ 15, ಮಂಗಳವಾರ

ನಾನು ಸ್ಕೂಲಿಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಅದೂ ಹಳ್ಳಿಯಲ್ಲಿ. ಮಿಕ್ಕಿದ್ದೆಲ್ಲ ಮೊಮ್ಮಗಳು ಯಶಶ್ರೀ ಜೊತೆ ಓದಿದ್ದು. ಅವಳು ಎ ಬಿ ಸಿ ಡಿ ತಿದ್ದುವಾಗ ನಾನೂ ತಿದ್ದಿದೆ. ಹತ್ತನೇ ಕ್ಲಾಸಿನಲ್ಲಿ ಪುಸ್ತಕ ನನ್ನ ಕೈಗೆ ಕೊಟ್ಟು "ಪ್ರಶ್ನೆ ಕೇಳು ಅಜ್ಜಿ" ಅನ್ನುತ್ತಿದ್ದಳು. ಕೇಳಿ ಕೇಳಿ ನನಗೂ ಬಂತು. ಸೋಡಿಯಮ್ಮು, ಕ್ಲೋರಿನ್ನು, ಯಾರು ಯಾರಿಗೆ ಎಲೆಕ್ಟ್ರಾನ್ ಕೊಟ್ಟರು... ಸಂಸಾರದ ಕಥೆಯ ಹಾಗೇ ಇದೆ. ಮರೆಯುವುದಿಲ್ಲ.

ಈಗ ಫಸ್ಟ್ ಪಿಯುಸಿ. ಅವಳ ಪುಸ್ತಕದ್ದೇ ಇನ್ನೊಂದು ಪ್ರತಿಯನ್ನು ಗಾಂಧಿ ಬಜಾರಿನಲ್ಲಿ ಹುಡುಕಿ ತಂದಿಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಡಿಕ್ಷನರಿ. ಒಂದು ಪುಟಕ್ಕೆ ಒಂದು ಮಧ್ಯಾಹ್ನ.

ಇವತ್ತು ಅಣುಗಳ ಆಕಾರ. ಎಷ್ಟು ಚೆನ್ನಾಗಿದೆ! ನಡುವೆ ಒಂದು ಪರಮಾಣು. ಅದರ ಸುತ್ತ ಎಲೆಕ್ಟ್ರಾನ್ ಜೋಡಿಗಳು. ಜೋಡಿ ಜೋಡಿಗೆ ಆಗಿಬರುವುದಿಲ್ಲ. ಬಿಟ್ಟು ಹೋಗುವ ಹಾಗೂ ಇಲ್ಲ. ಆದ್ದರಿಂದ ಆದಷ್ಟು ದೂರ ದೂರ ನಿಂತುಕೊಳ್ಳುತ್ತವೆ. ಎರಡಿದ್ದರೆ ಎದುರುಬದುರು — ನೆಟ್ಟಗೆ ಗೆರೆ. ಮೂರಿದ್ದರೆ ತ್ರಿಕೋನ. ನಾಲ್ಕಿದ್ದರೆ ಒಂದು ಮೇಲೆ, ಮೂರು ಕೆಳಗೆ ಕಾಲು ಚಾಚಿಕೊಂಡು. ಎಷ್ಟು ದಿಕ್ಕು ಎಂದು ಎಣಿಸಿದರೆ ಸಾಕು. ಕಣ್ಣಿಗೆ ಕಾಣದ್ದರ ಆಕಾರ ಹೇಳಬಹುದು.

ತಮ್ಮ ಶಶಿಕುಮಾರನಿಗೆ ಹೇಳಿದೆ. ಬಾಡಿಗೆಗೆ ಕೊಡುವ ಶಾಮಿಯಾನದ ಕುರ್ಚಿ ಒರೆಸುತ್ತಿದ್ದ. "ಅಷ್ಟೇನಾ ಅಕ್ಕ? ಮದುವೆ ಹಾಲಲ್ಲಿ ಜಗಳ ಆಡಿರೋ ನೆಂಟ್ರೂ ಹಂಗೇ ಕೂತ್ಕೊಳ್ಳೋದು. ನಾನು ದಿನಾ ನೋಡ್ತೀನಿ" ಅಂದ.

ಜುಲೈ 20, ಭಾನುವಾರ

ಫೋನು ಬಂತು. ಇವತ್ತು ನನ್ನ ಪಾಲು ದೊಡ್ಡದು. ಯಶೂಗೆ ಜ್ವರವಿತ್ತಂತೆ, ಈಗ ಬಿಟ್ಟಿದೆ.

"ಸಿಕ್ ರೂಮಲ್ಲಿದ್ದೆ ಅಜ್ಜಿ. ಡಬಲ್ ಬಾಂಡ್ ಬಂದ್ರೆ ಶೇಪ್ ಹೇಗೆ ಕಂಡುಹಿಡಿಯೋದು ಅನ್ನೋ ಕ್ಲಾಸೇ ಮಿಸ್ ಆಯ್ತು. ಸಾನ್ವಿ ನೋಟ್ಸ್ ನೋಡಿದ್ರೆ ಕೋಳಿ ಕೆರೆದಂಗಿದೆ."

"ನಾನು ಬರೆದು ಕಳಿಸ್ತೀನಿ ಬಿಡು."

"ನಿಂಗೆ ಗೊತ್ತಾ?"

"ಗೊತ್ತಿಲ್ಲದೆ ಏನು? ಅದೇ ಪಾಠದಲ್ಲಿದ್ದೀನಿ."

ನಿಜ ಹೇಳಬೇಕೆಂದರೆ ಆ ಪುಟ ಇನ್ನೂ ಬಂದಿಲ್ಲ. ಮಹಡಿ ಮೇಲೆ ಬಾಡಿಗೆಗಿರುವ ನಂದೀಶ್ ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ಕೆಮಿಸ್ಟ್ರಿಯನ್ನೇ ಹೇಳಿಕೊಡುವುದು. ಕೇಳಬಹುದು. ಆದರೆ ಮೊಮ್ಮಗಳು ಕೇಳಿದ್ದು ನನ್ನನ್ನು.

ಜುಲೈ 22, ಮಂಗಳವಾರ

ಹೊಳೆಯಿತು! ಪುಟ ತಿರುಗಿಸಬೇಕಾಗಲೇ ಇಲ್ಲ. ಕಾಗದ ಹೀಗೆ —

ಯಶೂ, ಡಬಲ್ ಬಾಂಡ್ ಅಂದರೆ ಇಬ್ಬರ ನಡುವೆ ಒಂದಲ್ಲ, ಎರಡು ಬಂಧ. ನಮ್ಮ ಮನೆಯಲ್ಲೇ ಇದೆ ನೋಡು. ನಿಮ್ಮಪ್ಪ ಶಶಿಕುಮಾರ ನನ್ನ ಒಡಹುಟ್ಟಿದ ತಮ್ಮ. ನಮ್ಮಮ್ಮ ಹೋದ ಮೇಲೆ ನನ್ನ ಸೊಂಟದ ಮೇಲೆ ಬೆಳೆದವನು. ಅವನಿಗೇ ನನ್ನ ಮಗಳನ್ನು, ಅಂದರೆ ನಿಮ್ಮಮ್ಮ ನಾಗವೇಣಿಯನ್ನು ಕೊಟ್ಟೆ. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಆಗ ನಮ್ಮಲ್ಲಿ ಸಾಮಾನ್ಯ. ಹಾಗಾಗಿ ನನಗೂ ಅವನಿಗೂ ಎರಡು ಬಂಧ. ತಮ್ಮನೂ ಹೌದು, ಅಳಿಯನೂ ಹೌದು. ಮನೆಯಲ್ಲಿ ಶುಭಕಾರ್ಯವಾದರೆ ಅವನ ಕೈಗೆ ಎರಡು ತಾಂಬೂಲ ಕೊಡುವುದನ್ನು ನೀನೇ ನೋಡಿದ್ದೀಯ. ತವರಿನ ಕಡೆಯದ್ದು ಒಂದು, ಅಳಿಯತನದ್ದು ಒಂದು. ನಮ್ಮ ಮನೆಯ ಪದ್ಧತಿ. ಆದ್ದರಿಂದ ಡಬಲ್ ಬಾಂಡನ್ನು ಎರಡು ಅಂತ ಎಣಿಸು. ಕಾರ್ಬನ್ ಡೈ ಆಕ್ಸೈಡು ತೆಗೆದುಕೋ. ಕಾರ್ಬನ್ನಿನ ಎರಡು ಪಕ್ಕದಲ್ಲೂ ಡಬಲ್ ಬಾಂಡು. ಎರಡೆರಡ್ಲಿ ನಾಲ್ಕು ದಿಕ್ಕು. ಆಕ್ಸಿಜನ್ ಎರಡೇ ಇರುವುದರಿಂದ ಕಣ್ಣಿಗೆ ಬಾಗಿದ ಆಕಾರ ಕಾಣುತ್ತದೆ, ನೀರಿನ ಅಣುವಿನ ಹಾಗೆ.

ಚಾಮರಾಜಪೇಟೆ ಪೋಸ್ಟಾಫೀಸಿಗೆ ನಾನೇ ನಡೆದು ಹೋಗಿ ಹಾಕಿದೆ. ಬರುವಾಗ ಕಾಲು ನೋಯಲಿಲ್ಲ.

ಆಗಸ್ಟ್ 4, ಸೋಮವಾರ

ಯಶೂ ಕಾಗದ! ನಾಲ್ಕೇ ಸಾಲು. "ಅಜ್ಜಿ ಸೂಪರ್. ಅಪ್ಪಂಗೆ ಎರಡು ತಾಂಬೂಲ ಅಂದ ತಕ್ಷಣ ಅರ್ಥ ಆಗೋಯ್ತು. ಟೆಸ್ಟ್ ಮುಂದಿನ ವಾರ. ಚಕ್ಕುಲಿ ಕಳಿಸು."

ನಾಗವೇಣಿಗೆ ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಅವಳೇ "ಸಾಕಮ್ಮ, ಬಾಯಿಪಾಠ ಆಯ್ತು" ಅಂದಳು. ಚಕ್ಕುಲಿಗೆ ಅಕ್ಕಿ ನೆನೆಹಾಕಿದ್ದೇನೆ.

ಆಗಸ್ಟ್ 17, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ.

ಬೆಳಿಗ್ಗೆ ಫೋನು. ಶಶಿಕುಮಾರ ಎಂದಿನ ಹಾಗೆ ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟ. ಎಲ್ಲರೂ ಸುತ್ತ ಕೂತಿದ್ದೆವು. ಯಶೂ ದನಿ ಒಂಥರಾ ಇತ್ತು.

"ಅಮ್ಮ, ಕೆಮಿಸ್ಟ್ರಿ ಹೋಯ್ತು. ಶೇಪ್ಸ್‌ದೇ ದೊಡ್ಡ ಪ್ರಶ್ನೆ ಬಂದಿತ್ತು. ಕಾರ್ಬನ್ ಡೈ ಆಕ್ಸೈಡ್ ಬೆಂಟ್ ಅಂತ ಬರೆದಿರೋಳು ಇಡೀ ಕ್ಲಾಸಲ್ಲಿ ನಾನೊಬ್ಳೇ. ಮೇಡಂ ಓದಿ ಹೇಳಿದ್ರು, ಎಲ್ರೂ ನಕ್ಕರು."

"ಯಾಕೆ ಪುಟ್ಟಿ, ಅಜ್ಜಿ ಬರೆದಿದ್ರಲ್ಲ..." ಅಂದಳು ನಾಗವೇಣಿ.

"ಅಜ್ಜಿ ಬರೆದಿದ್ದಕ್ಕೇ ಆಗಿದ್ದು! ಅದಷ್ಟೇ ಆಗಿದ್ರೆ ಪರವಾಗಿಲ್ಲ. ಆ ಲೆಟರನ್ನ ಸಾನ್ವಿ ಓದ್ಬಿಟ್ಟಿದಾಳೆ. ರೂಮಿಗೆಲ್ಲ ಗೊತ್ತಾಯ್ತು. ಬಯಾಲಜಿ ಕ್ಲಾಸಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆ ಆಗಬಾರ್ದು ಅಂತ ಮಾತು ಬಂತು, ಎಲ್ರೂ ತಿರುಗಿ ನನ್ನೇ ನೋಡ್ತಾರೆ. ಊಟಕ್ಕೆ ಕೂತ್ರೆ, ನಿಮ್ಮಪ್ಪಂಗೆ ಅಪ್ಪ ಅಂತೀಯೋ ತಾತ ಅಂತೀಯೋ ಅಂತಾರೆ."

ಸ್ಪೀಕರ್ ಆಫ್ ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

"ಅಮ್ಮ, ಸೆಪ್ಟೆಂಬರ್ ಹದಿನಾಲ್ಕಕ್ಕೆ ಪೇರೆಂಟ್ಸ್ ಡೇ. ನೀನೊಬ್ಳೇ ಬಾ. ಅಪ್ಪ ಬೇಡ. ಆಮೇಲೆ... ಅಜ್ಜಿಗೆ ಹೇಳು, ಲೆಟರ್ ಬರೆಯೋದು ಬೇಡ ಅಂತ."

ಶಶಿಕುಮಾರ ಫೋನಿನ ಕಡೆ ಬಾಗಿದ. ಆಮೇಲೆ ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದುಹೋದ. ಅಷ್ಟು ದೊಡ್ಡ ಆಳು. ಸದ್ದೇ ಆಗಲಿಲ್ಲ.

ತಟ್ಟೆಯಲ್ಲಿ ದೋಸೆ ಹಾಗೇ ಇತ್ತು.

ಆಗಸ್ಟ್ 24, ಭಾನುವಾರ

ಒಂದು ವಾರ ಈ ಪುಸ್ತಕ ತೆಗೆಯಲಿಲ್ಲ.

ಇವತ್ತು ಫೋನಿನಲ್ಲಿ ನಾಗವೇಣಿ ಮಾತ್ರ ಮಾತಾಡಿದಳು, ಒಳಗೆ ಹೋಗಿ. ಶಶಿಕುಮಾರ ಬೆಳಿಗ್ಗೆಯೇ ಬಿನ್ನಿಪೇಟೆ ಗೋಡೌನಿಗೆ ಹೋಗಿದ್ದ. ಭಾನುವಾರ ಅಲ್ಲಿ ಏನು ಕೆಲಸವೋ.

ಮಧ್ಯಾಹ್ನ ಮಹಡಿ ಹತ್ತಿದೆ. ನಂದೀಶ್ ಬಟ್ಟೆ ಒಣಗಿಹಾಕುತ್ತಿದ್ದ.

"ನಂದೀಶಪ್ಪ, ಡಬಲ್ ಬಾಂಡನ್ನ ಎಷ್ಟು ಅಂತ ಎಣಿಸಬೇಕು?"

"ಒಂದು ಅಂತ."

"ಎರಡಲ್ವಾ?"

"ಅಲ್ಲಮ್ಮ. ಶೇಪ್ ಕಂಡುಹಿಡಿಯುವಾಗ ಸಿಂಗಲ್ಲೋ ಡಬಲ್ಲೋ ಟ್ರಿಪಲ್ಲೋ — ಒಂದು ಬಾಂಡು ಅಂದ್ರೆ ಒಂದೇ ದಿಕ್ಕು. ಕಾರ್ಬನ್ ಡೈ ಆಕ್ಸೈಡಿಗೆ ಎರಡೇ ದಿಕ್ಕು. ನೆಟ್ಟಗಿರುತ್ತೆ, ಕೋಲಿನ ಥರ. ಯಾಕೆ?"

ಹೇಳಿದೆ. ಎಲ್ಲವನ್ನೂ. ಕೈಯಲ್ಲಿದ್ದ ಅಂಗಿ ಹಿಂಡುತ್ತಲೇ ಇದ್ದ, ನೀರು ಖಾಲಿಯಾದ ಮೇಲೂ.

"ನಮ್ಮ ಹುಡುಗ್ರೂ ಇದೇ ತಪ್ಪು ಮಾಡ್ತಾರಮ್ಮ. ಪ್ರತಿ ವರ್ಷ."

"ಅವರು ತಮ್ಮ ಪೇಪರಲ್ಲಿ ಮಾಡ್ತಾರೆ. ನಾನು ಮೊಮ್ಮಗಳ ಪೇಪರಲ್ಲಿ ಮಾಡಿದೆ."

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಪ್ರತಿ ವರ್ಷ ಈ ದಿನ ಬೆಳಿಗ್ಗೆ ಶಶಿಕುಮಾರ ಹೊಸ ಪಂಚೆ ಉಟ್ಟು, ಮನೆಯ ಹಿಂಬಾಗಿಲಿಂದ ಹೊರಗೆ ಹೋಗಿ, ಮುಂಬಾಗಿಲಿಂದ ಒಳಗೆ ಬರುತ್ತಾನೆ. ಕೈಯಲ್ಲಿ ಬಾಗಿನದ ಮೊರ. "ತವರು ಮನೆಯಿಂದ ಬಂದಿದೀನಿ, ಯಾರಿದೀರಿ ಒಳಗೆ?" ಎಂದು ಕೂಗುತ್ತಾನೆ. ಒಂದೇ ಮನೆಯಲ್ಲಿರುವ ಅಕ್ಕನಿಗೆ ತವರಿನಿಂದ ಬರುವುದು ಹೇಗೆ? ಹಾಗೇ. ಯಶೂ ಚಿಕ್ಕವಳಿದ್ದಾಗ ಬಿದ್ದು ಬಿದ್ದು ನಗುತ್ತಿದ್ದಳು.

ಇವತ್ತು ಮೊರವನ್ನು ನಾಗವೇಣಿ ತಂದಳು. "ಮಾವ ಗಣೇಶನ ಪೆಂಡಾಲ್ ಕೆಲಸ ಅಂತ ಹೋದ್ರು" ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನನ್ನು ಮಾವ ಎಂದೇ ಕರೆಯುವುದು.

ಸಂಜೆ ಬಂದ. ಕೈಕಾಲು ತೊಳೆದು ನನ್ನ ಪಕ್ಕ ಕೂತ. ನೆಲ ನೋಡುತ್ತ ಹೇಳಿದ —

"ಅಕ್ಕ, ಒಂದು ಮಾತು. ಇನ್ಮೇಲೆ ಯಾರ ಮುಂದೂ ತಮ್ಮ ಅಂತ ಹೇಳ್ಬೇಡ. ಅಳಿಯ ಅಂತ ಅಷ್ಟೇ ಹೇಳು. ನಾನೂ ನಿನ್ನ ಅತ್ತೆ ಅಂತ ಕರೆದುಬಿಡ್ತೀನಿ. ಮಗೂಗೆ ನಾಚಿಕೆ ಆಗೋದು ಬೇಡ."

"ಕರಿ ನೋಡೋಣ."

"ಅ..." ಅಂದ. ಬರಲಿಲ್ಲ. ಎದ್ದು ಹೋದ.

ಬಾಗಿನದ ಬಳೆ ಇನ್ನೂ ತೊಟ್ಟಿಲ್ಲ.

ಆಗಸ್ಟ್ 31, ಭಾನುವಾರ

ನಂದೀಶ್ ಬೆಳಿಗ್ಗೆಯೇ ಕೆಳಗೆ ಬಂದ. "ಶಶಿಯಣ್ಣ, ಬಲೂನ್ ಇದ್ಯಾ?"

ಶಾಮಿಯಾನದ ಜೊತೆ ಬಲೂನ್ ಅಲಂಕಾರದ ಕೆಲಸವೂ ಶಶಿಕುಮಾರನದೇ. ನಾಮಕರಣ, ಬರ್ತ್‌ಡೇ, ಅಂಗಡಿ ಓಪನಿಂಗು. ಏನು ಎತ್ತ ಎಂದು ಕೇಳದೆ ಒಂದು ಪ್ಯಾಕೆಟ್ಟು, ಪಂಪು ತಂದು ಇಟ್ಟ. ಹೊರಡುತ್ತಿದ್ದವನ ಕೈ ಹಿಡಿದು ನಂದೀಶ್ ಕೂರಿಸಿದ. "ಕಟ್ಟೋಕೆ ನೀವೇ ಬೇಕು ಅಣ್ಣ. ನಾನು ಕಟ್ಟಿದ್ರೆ ಒಂದೂ ನಿಲ್ಲಲ್ಲ. ಅಮ್ಮಂಗೆ ಪಾಠ ಮಾಡ್ಬೇಕು."

ಎರಡು ಬಲೂನಿನ ಬಾಯಿ ಸೇರಿಸಿ ಕಟ್ಟಿಸಿದ. ಎದುರುಬದುರು ನಿಂತವು. ಮೂರು ಕಟ್ಟಿಸಿದ. ತ್ರಿಕೋನ. ನಾಲ್ಕು ಕಟ್ಟಿ ನೆಲದ ಮೇಲಿಟ್ಟರೆ — ತಾನಾಗಿಯೇ ಮೂರು ಕಾಲೂರಿ ಒಂದು ತಲೆ ಎತ್ತಿ ನಿಂತಿತು! ಯಾರೂ ಹೇಳಿಕೊಟ್ಟಿಲ್ಲ. ಒಂದನ್ನೊಂದು ನೂಕಿಕೊಂಡೇ ಆ ಆಕಾರ. ಪುಸ್ತಕದಲ್ಲಿ ಓದಿದ್ದೆ. ಕಣ್ಣಲ್ಲಿ ನೋಡಿರಲಿಲ್ಲ.

"ಈಗ ಫಾರ್ಮಾಲ್ಡಿಹೈಡ್" ಅಂದ ನಂದೀಶ್. "ನಡುವೆ ಕಾರ್ಬನ್. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಆಕ್ಸಿಜನ್ ಜೊತೆ ಡಬಲ್ ಬಾಂಡು."

ನಾನು ನಾಲ್ಕು ಬಲೂನಿನ ಗೊಂಚಲನ್ನೇ ತೋರಿಸಿದೆ. "ಎರಡು, ಮತ್ತೆ ಒಂದು, ಮತ್ತೆ ಒಂದು. ನಾಲ್ಕಾಯ್ತಲ್ಲ?"

"ಆಯ್ತು. ಆದರೆ ಇವೆರಡೂ ಒಂದೇ ಆಕ್ಸಿಜನ್‌ನ ಹಿಡ್ಕೊಂಡಿರೋದಲ್ವಾ ಅಮ್ಮ? ಒಂದು ಮೇಲಕ್ಕೆ ಒಂದು ಪಕ್ಕಕ್ಕೆ ಹೋದ್ರೆ ಆಕ್ಸಿಜನ್ ಎಲ್ಲಿ ನಿಲ್ಲಬೇಕು? ಇರೋದು ಒಂದೇ ತಾನೆ?"

ನಾಲ್ಕರಲ್ಲಿ ಎರಡನ್ನು ಕೈಯಲ್ಲಿ ಒತ್ತಿ ಒಂದೇ ಕಡೆ ತಿರುಗಿಸಿ ನೋಡಿದೆ.

ಶಶಿಕುಮಾರ ಅಷ್ಟರಲ್ಲಿ ಟೇಪ್ ಹುಡುಕುತ್ತಿದ್ದ. ಎರಡು ಬಲೂನನ್ನು ಹೊಟ್ಟೆಗೆ ಹೊಟ್ಟೆ ಸೇರಿಸಿ ಸುತ್ತಿದ. ಉಳಿದೆರಡನ್ನು ಅದೇ ಗಂಟಿಗೆ ಕಟ್ಟಿದ. ಬಿಟ್ಟ. ಮೂರು ದಿಕ್ಕು. ತ್ರಿಕೋನವೇ. ಆದರೆ ಸರಿಸಮದ ತ್ರಿಕೋನವಲ್ಲ. ಜೋಡಿ ಬಲೂನು ದಪ್ಪ. ಒಂಟಿ ಬಲೂನುಗಳನ್ನು ಆಚೆ ನೂಕಿತ್ತು. ಅವೆರಡೂ ಒಂದಕ್ಕೊಂದು ಹತ್ತಿರ ಬಂದಿದ್ದವು.

"ಅಷ್ಟೇ!" ಎಂದು ನಂದೀಶ್ ಚಪ್ಪಾಳೆ ತಟ್ಟಿದ. "ಎಣಿಸುವಾಗ ಒಂದು. ಜಾಗ ಹಿಡಿಯುವಾಗ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಆಕ್ಸಿಜನ್ ಕಡೆ ಕೋನ ನೂರಿಪ್ಪತ್ತೆರಡು ಹತ್ರ, ಹೈಡ್ರೋಜನ್‌ಗಳ ಮಧ್ಯೆ ನೂರಹದಿನಾರು ಹತ್ರ."

ನಾಗವೇಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆಟೋದಲ್ಲಿ ಮಾವ ಮಧ್ಯ ಕೂತ್ರೆ ನಂಗೂ ಅಮ್ಮಂಗೂ ಆಗೋದು ಇದೇ. ಬರೋದು ಒಂದೇ ಸೀಟಿಗೆ. ಒತ್ತರಿಸೋದು ಇಬ್ಬರನ್ನೂ."

ಶಶಿಕುಮಾರ ನಕ್ಕ. ಹದಿನೇಳನೇ ತಾರೀಖಿನ ಮೇಲೆ ಇದೇ ಮೊದಲು. ನಕ್ಕ ರಭಸಕ್ಕೆ ಬಲೂನಿನ ಮೇಲೆ ಕೈಯೂರಿದ. ಡಬ್ ಎಂದಿತು. ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಸೆಪ್ಟೆಂಬರ್ 2, ಮಂಗಳವಾರ

ಬೇಡ ಅಂದಿದ್ದಾಳೆ. ಆದರೂ ತಪ್ಪು ಹೇಳಿಕೊಟ್ಟವಳು ಸರಿ ಹೇಳದೆ ಬಿಡಬಹುದಾ? ಒಂದೇ ಕಾಗದ. ಆಮೇಲೆ ಅವಳ ಇಷ್ಟ.

ಯಶೂ, ತಪ್ಪು ನಿನ್ನದಲ್ಲ, ನನ್ನದು. ಡಬಲ್ ಬಾಂಡನ್ನು ಒಂದು ಅಂತ ಎಣಿಸಬೇಕು. ಎರಡೂ ಒಂದೇ ಪರಮಾಣುವನ್ನು ಹಿಡಿದಿರುವುದರಿಂದ ಒಂದೇ ದಿಕ್ಕಿಗೆ ಹೋಗುತ್ತವೆ. ಕಾರ್ಬನ್ ಡೈ ಆಕ್ಸೈಡು ನೆಟ್ಟಗಿರುತ್ತದೆ. ಜೋಡಿ ಬಂಧದಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರುವುದರಿಂದ ಜಾಗ ಸ್ವಲ್ಪ ಹೆಚ್ಚು ಬೇಕು, ಪಕ್ಕದವುಗಳನ್ನು ನೂಕುತ್ತದೆ. ನಿಮ್ಮ ಮೇಡಂಗೆ ಈ ಕಾಗದ ತೋರಿಸಬೇಕೆನ್ನಿಸಿದರೆ ತೋರಿಸು, ನಗುವುದಾದರೆ ನನ್ನನ್ನು ನೋಡಿ ನಗಲಿ.

ಇದರ ಕೆಳಗೆ ಇನ್ನೂ ಬರೆದಿದ್ದೆ —

ನಿಮ್ಮಪ್ಪನನ್ನು ನಾನು ಇಷ್ಟು ವರ್ಷ ಇಬ್ಬರು ಅಂತಲೇ ಎಣಿಸಿಕೊಂಡು ಬಂದೆ ಕಣೆ. ತಮ್ಮನೊಬ್ಬ, ಅಳಿಯನೊಬ್ಬ. ಇರುವುದು ಒಬ್ಬನೇ. ಒಂದು ಬಂಧ ಬಿಡು ಅಂದರೆ ಅವನಿಗೆ ಬಾಯಿಯೇ ಬರುವುದಿಲ್ಲ. ಅವನು ನನಗೆ ಎಷ್ಟು ವಿಧದಲ್ಲಿ ಏನಾದರೂ ಆಗಿರಲಿ, ನಿನಗೆ ಅಪ್ಪ. ಅಷ್ಟೇ.

ಹೊಡೆದುಹಾಕಿದೆ. ಮನೆಯ ಸಮಾಚಾರ ಬರೆದೇ ಒಮ್ಮೆ ಮಗುವನ್ನು ನೋಯಿಸಿದ್ದಾಯಿತು. ಈ ಸಲ ಕೆಮಿಸ್ಟ್ರಿ ಮಾತ್ರ.

ಇನ್‌ಲ್ಯಾಂಡ್ ಲೆಟರಿನ ಅರ್ಧ ಖಾಲಿ ಉಳಿಯಿತು. ಹಾಗೇ ಅಂಟಿಸಿದೆ.

ಸೆಪ್ಟೆಂಬರ್ 7, ಭಾನುವಾರ

ನಾಗವೇಣಿ ಫೋನಿಟ್ಟು ಅಡುಗೆಮನೆಗೆ ಬಂದಳು. ಕೊತ್ತಂಬರಿ ಸೊಪ್ಪು ಬಿಡಿಸಲು ಕೂತಳು. ಬೇರು ಉಳಿಸಿಕೊಂಡು ಎಲೆ ಎಸೆಯುತ್ತಿದ್ದಳು.

"ಏನಂದಳು?"

"ಕೇಳಿದ್ಲು. ಮದುವೆ ಮಾಡುವಾಗ ನಿನ್ನ ಯಾರಾದ್ರೂ ಕೇಳಿದ್ರಾ ಅಮ್ಮ, ಅಂತ."

ಈ ಪ್ರಶ್ನೆಯನ್ನು ನಾನೇ ಅವಳಿಗೆ ಯಾವತ್ತೂ ಕೇಳಿಲ್ಲ.

"ನೀನೇನಂದೆ?"

"ಕೇಳಿದ್ರು ಅಂದೆ. ಹೂಂ ಅಂದಿದ್ದೆ ಅಂದೆ. ಹತ್ತೊಂಬತ್ತಕ್ಕೆ ಹೂಂ ಬಿಟ್ಟು ಇನ್ನೇನು ಅನ್ನಬಹುದು ಅಂತಾನೇ ಗೊತ್ತಿರಲಿಲ್ಲ, ಅದನ್ನೂ ಹೇಳಿದೆ. ಸುಳ್ಳು ಯಾಕೆ?" ಸೊಪ್ಪು ಕೆಳಗಿಟ್ಟಳು. "ಆಮೇಲೆ ಗೊತ್ತಾಯ್ತಲ್ಲ ಅಮ್ಮ, ಊಹೂಂ ಅಂತಾನೂ ಅನ್ನಬಹುದು ಅಂತ. ಆಗ್ಲೂ ನಂಗೆ ಹೂಂ ಅಂತಾನೇ ಬಂತು. ಅದನ್ನೂ ಹೇಳಿದೆ. ನಿನಗೆ ಹಾಗೆ ಮಾಡಲ್ಲ, ನಿನ್ನ ಕಾಲ ಬೇರೆ ಅಂತಾನೂ ಹೇಳಿದೆ."

"ಅದಕ್ಕೆ?"

"ಅಷ್ಟೊತ್ತಿಗೆ ಟೈಮಾಯ್ತು ಅಂತ ವಾರ್ಡನ್ ಫೋನ್ ತಗೊಂಡ್ರು."

ಮಗಳ ಮುಂದಿದ್ದ ಸೊಪ್ಪನ್ನು ನಾನೇ ಬಿಡಿಸಿದೆ. ಏನಾದರೂ ಹೇಳಬೇಕಿತ್ತು. "ಕಾಫಿ ಕುಡೀತೀಯಾ?" ಅಂದೆ. ಕುಡಿದಳು. ಲೋಟ ಇಡುವಾಗ ನನ್ನ ಭುಜಕ್ಕೆ ತನ್ನ ಭುಜ ತಾಗಿಸಿ ಹೋದಳು.

ಸೆಪ್ಟೆಂಬರ್ 13, ಶನಿವಾರ

ಇಬ್ಬರೂ ಹೊರಟರು. ರಾತ್ರಿ ಬಸ್ಸಿನಲ್ಲಿ ನಾಗವೇಣಿಯೊಬ್ಬಳನ್ನೇ ಕಳಿಸಲು ಶಶಿಕುಮಾರನಿಗೆ ಮನಸ್ಸಿಲ್ಲ.

"ನಾನು ಕಾಲೇಜಿನ ಒಳಗೆ ಬರಲ್ಲ. ಬಸ್ ಸ್ಟ್ಯಾಂಡಲ್ಲೇ ಇರ್ತೀನಿ. ಪಾಪು ಇದಾಳೆ ಅನ್ನೋ ಊರಲ್ಲಿ ಒಂದಿನ ಇದ್ದು ಬರ್ತೀನಿ, ಅಷ್ಟೇ ಅಕ್ಕ."

ಅತ್ತೆ ಎಂದು ಕರೆಯುವುದನ್ನು ಮರೆತಿದ್ದ. ನೆನಪಿಸಲಿಲ್ಲ. ಚಕ್ಕುಲಿ ಡಬ್ಬ ಅವನ ಕೈಗೇ ಕೊಟ್ಟೆ.

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ

ಬಂದರು. ಬ್ಯಾಗು ಕೆಳಗಿಡುವ ಮೊದಲೇ ನಾಗವೇಣಿ ಶುರುಮಾಡಿದಳು.

ಗೇಟಿನ ಹತ್ತಿರ ಯಶೂ, ಸಾನ್ವಿ ಇಬ್ಬರೂ ನಿಂತಿದ್ದರಂತೆ. ಸಾನ್ವಿಯ ಮನೆಯವರಿಗೆ ಬರಲಾಗಿರಲಿಲ್ಲ. ಯಶೂ ಅಮ್ಮನನ್ನು ತಬ್ಬಿಕೊಂಡು, ಅವಳ ಬೆನ್ನ ಹಿಂದೆ ನೋಡಿದಳಂತೆ.

"ಅಪ್ಪ ಎಲ್ಲಿ?"

"ನೀನೇ ಬೇಡ ಅಂದ್ಯಲ್ಲ."

"ಬೇಡ ಅಂದ್ರೆ ಬಂದೇ ಇಲ್ವಾ?"

"ಬಂದಿದಾರೆ. ಬಸ್ ಸ್ಟ್ಯಾಂಡಲ್ಲಿ ಕೂತಿದಾರೆ. ಒಳಗೆ ಬರಲ್ಲ ಅಂದ್ರು."

ಯಶೂ ಮುಖ ಕೆಂಪಾಯಿತಂತೆ. ನೇರವಾಗಿ ಹೋಗಿ ಬಸವಮ್ಮನವರ ಹತ್ತಿರ ಔಟ್ ಪಾಸ್ ಕೇಳಿದಳು. ಸಾನ್ವಿಯ ಕೈ ಹಿಡಿದು "ನೀನೂ ಬಾ" ಎಂದು ಎಳೆದುಕೊಂಡು ಹೊರಟಳು. ನಾಗವೇಣಿ ಹಿಂದೆ ಓಡಬೇಕಾಯಿತು.

ಮುಂದಿನದನ್ನು ಶಶಿಕುಮಾರನೇ ಹೇಳಿದ. ಬೆಂಚಿನ ಮೇಲೆ ಗೋಳಿಬಜೆ ತಿನ್ನುತ್ತ ಕೂತಿದ್ದನಂತೆ. ಎದುರಿಗೆ ಮಗಳು. ಎದ್ದು ನಿಲ್ಲಲೂ ಆಗಲಿಲ್ಲ, ಬಾಯಿ ತುಂಬ ಬಜೆ.

ಯಶೂ ಸಾನ್ವಿಯನ್ನು ಮುಂದಕ್ಕೆ ತಳ್ಳಿ ಹೇಳಿದಳಂತೆ — "ನೋಡೇ, ಇವರು ನಮ್ಮಪ್ಪ. ನಮ್ಮಜ್ಜಿಗೆ ತಮ್ಮಾನೂ ಹೌದು, ಅಳಿಯಾನೂ ಹೌದು. ನಾನು ಕರೆಯೋದು ಅಪ್ಪ ಅಂತ. ಇನ್ನೇನಾದ್ರೂ ಡೌಟ್ ಇದ್ಯಾ?"

ಸಾನ್ವಿ ಅಳುವ ಹಾಗಾದಳಂತೆ. "ಇಲ್ಲ ಅಂಕಲ್. ನಾನು ಸುಮ್ನೆ ರೇಗಿಸಿದ್ದು. ಇಷ್ಟು ಸೀರಿಯಸ್ ಆಗುತ್ತೆ ಅಂತ ಗೊತ್ತಿರಲಿಲ್ಲ ಅಂಕಲ್."

"ನೀನೇನಂದೆಯೋ?" ಕೇಳಿದೆ ಶಶಿಕುಮಾರನನ್ನು.

"ಬಜೆ ತಿಂತೀಯಾ ಮಗಾ ಅಂದೆ. ಇನ್ನೇನನ್ಲಿ ಅಕ್ಕ?"

ಹೇಳುತ್ತ ಹೇಳುತ್ತ ಕನ್ನಡಕ ತೆಗೆದು ಒರೆಸಿದ. ಕನ್ನಡಕದಲ್ಲಿ ಏನೂ ಇರಲಿಲ್ಲ.

ಆಮೇಲೆ ನಾಲ್ವರೂ ಬೆಂಚಿನ ಮೇಲೇ ಕೂತು ಚಕ್ಕುಲಿ ತಿಂದು, ಕಾಲೇಜಿಗೆ ನಡೆದು ಹೋದರಂತೆ. ಕೆಮಿಸ್ಟ್ರಿ ಮೇಡಂಗೆ "ನಮ್ಮಪ್ಪ" ಎಂದು ಯಶೂನೇ ಪರಿಚಯ ಮಾಡಿಸಿದಳಂತೆ.

ಎಲ್ಲ ಕೇಳಿಸಿಕೊಂಡೆ. ಹೊಟ್ಟೆ ತಣ್ಣಗಾಯಿತು. ಆದರೂ ಕೊನೆಗೆ ಕೇಳಿಯೇಬಿಟ್ಟೆ. "ನನ್ನ ಕೇಳಿದಳಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾಗವೇಣಿ ಅಂದಳು, "ಬಸ್ ಹತ್ತುವಾಗ ಒಂದು ಮಾತು ಹೇಳಿದ್ಲು. ಅಜ್ಜಿಗೆ ಹೋಮ್‌ವರ್ಕ್ ಅಂತೆ. ಸಲ್ಫರ್ ಡೈ ಆಕ್ಸೈಡ್ ಶೇಪ್ ಏನು, ಯಾಕೆ. ನಂದೀಶಣ್ಣನ ಕೇಳಬಾರದಂತೆ. ಅಜ್ಜಿನೇ ಮಾಡ್ಬೇಕಂತೆ."

"ಕಾಗದ ಬರೀಬಹುದಂತಾ?"

"ಅದನ್ನ ನಾನೂ ಕೇಳಿದೆ. ಉತ್ತರ ಫೋನಲ್ಲಿ ಹೇಳಿದ್ರೆ ಚಿತ್ರ ಹೇಗೆ ಬರೀತಾರೆ ಅಂದ್ಲು."

ಸೆಪ್ಟೆಂಬರ್ 17, ಬುಧವಾರ. ಮಧ್ಯಾಹ್ನ

ಎರಡು ದಿನದಿಂದ ಇದೇ. ನಂದೀಶ್ ಮೆಟ್ಟಿಲಿಳಿಯುವಾಗಲೆಲ್ಲ ಪುಸ್ತಕ ಮುಚ್ಚುತ್ತೇನೆ. ಈ ಸಲ ಪುಟ ಹಾರಿಸಿಲ್ಲ. ಡಿಕ್ಷನರಿಯ ಒಂದು ಹಾಳೆ ಕಿತ್ತು ಬಂತು. ಶಶಿಕುಮಾರ ಅಂಟಿಸಿಕೊಟ್ಟ. "ಏನಕ್ಕ, ಪರೀಕ್ಷೆಗೆ ಕಟ್ಟಿದೀಯಾ?" ಅಂದ. ಹೂಂ ಅಂದೆ.

ಯಶೂ ಕಂದ, ಹೇಗಿದ್ದೀಯ? ಸಾನ್ವಿಗೆ ನನ್ನ ಆಶೀರ್ವಾದ ಹೇಳು. ಅವಳ ಮೇಲೆ ನನಗೇನೂ ಬೇಜಾರಿಲ್ಲ, ಉಳಿದ ಚಕ್ಕುಲಿಯಲ್ಲಿ ಅರ್ಧ ಅವಳಿಗೆ ಕೊಡು. ಬಸವಮ್ಮನವರಿಗೂ ಕೊಡು, ಔಟ್ ಪಾಸ್ ಕೊಟ್ಟರಲ್ಲ.

ಹೋಮ್‌ವರ್ಕ್. ನಡುವೆ ಸಲ್ಫರ್. ಎರಡು ಪಕ್ಕ ಎರಡು ಆಕ್ಸಿಜನ್. ಎರಡಕ್ಕೂ ಡಬಲ್ ಬಾಂಡು ಅಂತ ಬರೆದುಕೊಂಡೆ. ಒಂದೊಂದನ್ನೂ ಒಂದು ಅಂತ ಎಣಿಸಿದೆ. ಎರಡಾಯಿತು. ನೆಟ್ಟಗೆ ಕೋಲು ಅಂತ ಬರೆಯಲು ಹೊರಟಿದ್ದೆ, ತಡೆದೆ. ಸಲ್ಫರಿನ ಹತ್ತಿರ ಯಾರಿಗೂ ಕೊಡದ ಎಲೆಕ್ಟ್ರಾನ್‌ಗಳ ಒಂಟಿ ಜೋಡಿ ಒಂದಿದೆ. ನೀನು ನನ್ನನ್ನು ಬೀಳಿಸಲು ಇಟ್ಟ ಗುಂಡಿ ಅದೇ ಅಲ್ಲವಾ ಕಳ್ಳಿ? ಅದು ಯಾರ ಕೈಯನ್ನೂ ಹಿಡಿದಿಲ್ಲ. ಆದರೂ ಅದಕ್ಕೂ ಜಾಗ ಬೇಕು. ಬಂಧದ ಜೋಡಿಗಿಂತಲೂ ಜಾಸ್ತಿಯೇ ಬೇಕಂತೆ. ಹಾಗಾಗಿ ದಿಕ್ಕು ಮೂರು. ನಿಂತಿರುವುದು ತ್ರಿಕೋನದಲ್ಲಿ. ಒಂಟಿ ಜೋಡಿ ಚಿತ್ರದಲ್ಲಿ ಕಾಣದೆ ಇರುವುದರಿಂದ ಆಕಾರ ಬಾಗಿದ್ದು. ಇದು ನಿಜವಾಗಿ ಬಾಗಿದ್ದು, ಮೊದಲಿನ ಹಾಗಲ್ಲ.

ಕೋನ ನೂರಿಪ್ಪತ್ತಕ್ಕೆ ಚೂರೇ ಚೂರು ಕಮ್ಮಿ. ಯಾಕೆ ಚೂರೇ? ಒಂಟಿ ಜೋಡಿ ಒಳಕ್ಕೆ ನೂಕುತ್ತದೆ. ಆದರೆ ಡಬಲ್ ಬಾಂಡುಗಳೂ ದಪ್ಪವಲ್ಲವಾ, ಅವೂ ಸುಲಭಕ್ಕೆ ಜಾಗ ಬಿಡುವುದಿಲ್ಲ. ಇದು ಪುಸ್ತಕದಲ್ಲಿ ಇಷ್ಟು ಬಿಡಿಸಿ ಬರೆದಿಲ್ಲ, ನಾನೇ ಯೋಚಿಸಿದ್ದು. ತಪ್ಪಿದ್ದರೂ ಇರಬಹುದು. ಪರೀಕ್ಷೆಯಲ್ಲಿ ಬರೆಯುವ ಮೊದಲು ನಿಮ್ಮ ಮೇಡಂನ ಕೇಳು. ಚಿತ್ರ ಕೆಳಗಿದೆ. ಆಕ್ಸಿಜನ್ ಸ್ವಲ್ಪ ಸೊಟ್ಟಗಿವೆ.

ತಿದ್ದಿ ಕಳಿಸು. ಕೆಂಪು ಇಂಕಿನಲ್ಲೇ ತಿದ್ದು, ಪರವಾಗಿಲ್ಲ. ಮಾರ್ಕ್ಸ್ ಕೊಡದಿದ್ದರೂ ಸರಿ, ಬೇಗ ಬರಿ ಮಗಳೇ. ನಮ್ಮ ಬೀದಿಗೆ ಪೋಸ್ಟ್‌ಮನ್ ಬರುವುದು ಹನ್ನೊಂದರ ಮೇಲೆ, ನಾನು ಹತ್ತಕ್ಕೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.